ಪಟ್ಟಿಯ ಮೊದಲ ಹೆಸರು ಯಾರದು?



ಸಂಬಂಧಗಳಿಗೆ ಹೆಸರಿಡುವುದರಲ್ಲಿ ನಮ್ಮ ಕನ್ನಡ ನುಡಿ ಬಲು ಉದಾರಿ. ದೊಡ್ಡಪ್ಪ ಬೇರೆ, ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ. ಅತ್ತಿಗೆ, ನಾದಿನಿ, ಓರಗಿತ್ತಿ ಎಂದು ಒಬ್ಬೊಬ್ಬರಿಗೂ ಒಂದೊಂದು ಹೆಸರು, ಒಂದೊಂದು ಸ್ಥಾನ. ಆದರೆ ಈ ಹೆಸರು ಹಿಡಿದು ಕರೆಯುವ ಸಂದರ್ಭಗಳು ದಿನೇ ದಿನೇ ವಿರಳವಾಗುತ್ತಿವೆ. ಒಂದೇ ಅಂಗಳದಲ್ಲಿ ಆಡಿ ಬೆಳೆದವರ ಮಕ್ಕಳು ಇಂದು ಒಬ್ಬರು ಬೆಂಗಳೂರಿನ ಕಚೇರಿಯಲ್ಲಿ, ಒಬ್ಬರು ದುಬೈಯಲ್ಲಿ, ಒಬ್ಬರು ಕೊಡಗಿನ ಕಾಫಿ ತೋಟದಲ್ಲಿ, ಇನ್ನೊಬ್ಬರು ಅದೇ ಹಳೆಯ ಊರಿನ ಎರಡು ಎಕರೆ ಗದ್ದೆಯಲ್ಲಿ. ಹೆಸರುಗಳು ಉಳಿದಿವೆ; ಕರೆಯುವವರು ದೂರವಾಗಿದ್ದಾರೆ.

ಹೀಗೆ ಚದುರಿಹೋದ ಕುಟುಂಬಗಳು ಈಚಿನ ವರ್ಷಗಳಲ್ಲಿ ಒಂದು ಹೊಸ ರೂಢಿಯನ್ನು ಕಂಡುಕೊಂಡಿವೆ. ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಮೂವತ್ತು ನಲವತ್ತು ಜನ ಒಟ್ಟುಗೂಡಿ, ಎರಡು ಮೂರು ದಿನಗಳ ಮಟ್ಟಿಗೆ ಯಾವುದಾದರೊಂದು ತಂಪಾದ ಊರಿಗೆ ಹೋಗಿ ಇದ್ದು ಬರುವುದು. ಮೈಸೂರು ಸೀಮೆಯವರಿಗೆ ಬೆಟ್ಟವೂ ಸರೋವರವೂ ಒಟ್ಟಿಗೆ ಬೇಕೆಂದರೆ ಮೊದಲು ನೆನಪಾಗುವುದು ಊಟಿ, ಅಂದರೆ ಉದಕಮಂಡಲ. ಹತ್ತಿರದ ದಾರಿಯಲ್ಲಿ ಹೋದರೆ ಮೈಸೂರಿನಿಂದ ಸುಮಾರು 125 ಕಿಲೋಮೀಟರ್. ಅದು ತಮಿಳುನಾಡಿಗೆ ಸೇರಿದ್ದರೂ ನಮಗೆ ಪರಸ್ಥಳವೆನಿಸುವುದಿಲ್ಲ. ಅಲ್ಲಿನ ಬಡಗರ ನುಡಿ ಕನ್ನಡದ ಒಡಹುಟ್ಟು. ನೀಲಗಿರಿಯ ಅತ್ಯುನ್ನತ ಶಿಖರದ ಹೆಸರು ದೊಡ್ಡಬೆಟ್ಟ. ಉದಕಮಂಡಲ ಧರ್ಮಕ್ಷೇತ್ರವೂ 1955ರಲ್ಲಿ ಮೈಸೂರು ಧರ್ಮಕ್ಷೇತ್ರದಿಂದಲೇ ಬೇರ್ಪಟ್ಟು, ಬೇರೆ ಮನೆ ಮಾಡಿದ ತಮ್ಮನಂತೆ ಸ್ವತಂತ್ರವಾಯಿತು.

ಕುಟುಂಬಗಳು ಹೀಗೆ ಒಂದುಗೂಡುವುದು ಸಂತೋಷದ ಸಂಗತಿ. ಆದರೆ ಇಂತಹ ಸಮ್ಮಿಲನದ ಸಿದ್ಧತೆಯಲ್ಲಿ ಒಂದು ಪ್ರಶ್ನೆ ಅಡಗಿ ಕುಳಿತಿರುತ್ತದೆ. ವಸತಿ, ವಾಹನ, ಊಟ, ದಿನಾಂಕ ಇವುಗಳ ಗಡಿಬಿಡಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಈ ಕೂಟವನ್ನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಜಿಸಬೇಕು? ಬರಲು ಸುಲಭವಾದವರನ್ನೋ, ಬರಲು ಕಷ್ಟವಾದವರನ್ನೋ? ಮೇಲ್ನೋಟಕ್ಕೆ ಇದು ಕೇವಲ ವ್ಯವಸ್ಥೆಯ ಮಾತು. ಒಳಹೊಕ್ಕು ನೋಡಿದರೆ ಇದು ನ್ಯಾಯದ ಮಾತು, ಪ್ರೀತಿಯ ಮಾತು. ಬನ್ನಿ, ಈ ತಿಂಗಳು ಇದನ್ನೇ ಕುರಿತು ಸ್ವಲ್ಪ ಚಿಂತಿಸೋಣ.

ಮಣ್ಣಿಗೆ ಬರುವವರು

ಇಪ್ಪತ್ತೈದು ವರ್ಷಗಳಿಗೂ ಮಿಗಿಲಾದ ಗುರುಸೇವೆಯಲ್ಲಿ, ಒಂದು ಕುಟುಂಬದವರೆಲ್ಲರೂ ಒಟ್ಟಾಗಿ ನಿಂತಿರುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಸಮಾಧಿಭೂಮಿಯಲ್ಲಿ. ಮಣ್ಣಿಗೆ ಬಂದವರು ಅಂತಿಮ ಪ್ರಾರ್ಥನೆ ಮುಗಿದ ಮೇಲೆ ಮರದ ನೆರಳಿನಲ್ಲಿ ನಿಂತು ಪರಸ್ಪರ ಪರಿಚಯ ಮಾಡಿಕೊಳ್ಳುತ್ತಾರೆ. "ನೀನು ದೊಡ್ಡಕ್ಕನ ಕಿರಿಯ ಮಗನೇನಪ್ಪಾ? ಎಷ್ಟು ಬೆಳೆದುಬಿಟ್ಟಿದ್ದೀಯ!" ಎನ್ನುತ್ತಾರೆ. "ಇನ್ನು ಮುಂದೆ ಸಾವಿಗಾಗಿ ಕಾಯದೆ ಆಗಾಗ ಸೇರೋಣ" ಎಂದು ಮಾತು ಕೊಟ್ಟು ಬಸ್ಸು ಹತ್ತುತ್ತಾರೆ. ಅನೇಕ ಸಮ್ಮಿಲನಗಳ ಬೀಜ ಬಿದ್ದಿರುವುದು ಇಂತಹ ಮಾತುಗಳಲ್ಲಿಯೇ.

ಸಾವಿನ ಮನೆಗೂ ಸಮ್ಮಿಲನಕ್ಕೂ ಇರುವ ಒಂದು ವ್ಯತ್ಯಾಸವನ್ನು ಗಮನಿಸಿ. ಸಾವಿನ ಮನೆಗೆ ಆಹ್ವಾನಪತ್ರವಿಲ್ಲ. ಸುದ್ದಿ ಕೇಳಿದವರೆಲ್ಲರೂ ಬರಬಹುದು. ಯಾರು ಎಷ್ಟು ಹಣ ಕೊಡಬೇಕೆಂದು ಮುಂಗಡವಾಗಿ ಯಾರೂ ತಿಳಿಸುವುದಿಲ್ಲ. ಹಳೆಯ ಸೀರೆಯುಟ್ಟು ಬಂದವಳನ್ನು ಯಾರೂ ಬೇರೆಯಾಗಿ ನೋಡುವುದಿಲ್ಲ. ಹತ್ತು ವರ್ಷ ಮಾತು ಬಿಟ್ಟ ತಮ್ಮನೂ ಬಂದು ಒಂದು ಹಿಡಿ ಮಣ್ಣು ಹಾಕಿ ಹೋಗುತ್ತಾನೆ. ಅವನನ್ನು ತಡೆಯುವ ಧೈರ್ಯ ಯಾರಿಗೂ ಇರುವುದಿಲ್ಲ. ದುಃಖಕ್ಕೆ ಬಾಗಿಲಿಲ್ಲ, ಆದ್ದರಿಂದ ಅಲ್ಲಿ ಎಲ್ಲರೂ ಸಮಾನರು.

ಸಮ್ಮಿಲನಕ್ಕಾದರೋ ಬಾಗಿಲಿದೆ. ಅದಕ್ಕೊಂದು ಪಟ್ಟಿ ಇದೆ, ದಿನಾಂಕವಿದೆ, ತಲಾ ಇಷ್ಟೆಂಬ ವಂತಿಗೆಯಿದೆ. ಇವುಗಳಲ್ಲಿ ಒಂದೊಂದೂ ಯಾರನ್ನೋ ಒಳಗೆ ಕರೆಯುತ್ತದೆ, ಯಾರನ್ನೋ ಹೊರಗೆ ನಿಲ್ಲಿಸುತ್ತದೆ. ಯಾರನ್ನೂ ಹೊರಗಿಡಬೇಕೆಂದು ನಾವು ಬಯಸಿರುವುದಿಲ್ಲ; ಆದರೂ ಹೊರಗಿಟ್ಟಿರುತ್ತೇವೆ. ಮರಣದಲ್ಲಿ ತಾನಾಗಿ ಒದಗುವ ಸಮಾನತೆ ಸಂತೋಷದಲ್ಲಿ ತಾನಾಗಿ ಒದಗುವುದಿಲ್ಲ. ಅದನ್ನು ಯೋಚಿಸಿ ಕಟ್ಟಬೇಕಾಗುತ್ತದೆ.

ನಾವು ಬರೆಯದ ಪಟ್ಟಿ

ಗೆಳೆಯರೊಡನೆ ಪ್ರವಾಸ ಹೊರಟರೆ ಪಟ್ಟಿ ನಮ್ಮ ಇಷ್ಟ. ಯಾರ ಸಂಗ ಹಿತವೋ ಅವರನ್ನು ಕರೆಯುತ್ತೇವೆ, ಅದರಲ್ಲಿ ತಪ್ಪೇನಿಲ್ಲ. ಕುಟುಂಬದ ಪಟ್ಟಿಯಾದರೋ ನಾವು ಬರೆದದ್ದಲ್ಲ. ನಾವು ಹುಟ್ಟುವ ಮೊದಲೇ ಅದರ ಅರ್ಧ ಭಾಗ ಬರೆದಾಗಿತ್ತು. ನಾವು ಸತ್ತ ಮೇಲೂ ಅದು ಮುಂದುವರಿಯುತ್ತದೆ. ನಾವು ಆರಿಸಿಕೊಳ್ಳದವರನ್ನು ನಮ್ಮವರೆಂದು ಒಪ್ಪಿಕೊಳ್ಳುವುದೇ ರಕ್ತಸಂಬಂಧದ ಮೊದಲ ಪಾಠ. ಆದ್ದರಿಂದಲೇ ಪಟ್ಟಿಯನ್ನು ಬರೆಯುವ ಕೈ ಎಚ್ಚರವಾಗಿರಬೇಕು.

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯೊಂದು ನಮ್ಮಲ್ಲಿದೆ. ಅದನ್ನು ಬಾಯಿಬಿಟ್ಟು ಹೇಳುವವರು ಈಗ ಕಡಿಮೆ. ಆದರೆ ಮನೆತನದ ಹೆಸರಿನ ಆಧಾರದ ಮೇಲೆ ಪಟ್ಟಿ ಮಾಡಿದಾಗ ಗಾದೆ ತಾನಾಗಿ ಜಾರಿಗೆ ಬರುತ್ತದೆ. ಅಣ್ಣತಮ್ಮಂದಿರ ಮನೆಗಳೆಲ್ಲ ಸೇರುತ್ತವೆ. ಅಕ್ಕತಂಗಿಯರಿಗೆ "ನಿಮಗೂ ಹೇಳೋಣ ಎಂದುಕೊಂಡಿದ್ದೆವು" ಎಂಬ ತಡವಾದ ಸುದ್ದಿ ಹೋಗುತ್ತದೆ. ಮದುವೆಯಾಗದೆ ಉಳಿದ ಚಿಕ್ಕಮ್ಮ ಯಾವ ಮನೆಯ ಲೆಕ್ಕಕ್ಕೂ ಸೇರದೆ ನಡುವೆ ಬಿದ್ದುಹೋಗುತ್ತಾಳೆ. ಮನೆಯವರ ಮಾತು ಮೀರಿ ಮದುವೆಯಾದ ಮಗನ ಹೆಸರು ಬಂದಾಗ ಎಲ್ಲರೂ ಹಿರಿಯರ ಮುಖ ನೋಡುತ್ತಾರೆ. ಮೊಬೈಲಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲವನ್ನೂ ತೀರ್ಮಾನಿಸುವ ಈ ಕಾಲದಲ್ಲಿ, ಆ ಗುಂಪಿನಲ್ಲಿಲ್ಲದ ಅಜ್ಜಿಗೆ ಎಲ್ಲವೂ ಮುಗಿದ ಮೇಲೆ ತಿಳಿಯುತ್ತದೆ.

ಹಾಗಾದರೆ ಎಲ್ಲರನ್ನೂ ಕರೆಯಲೇಬೇಕೇ? ಕುಟುಂಬದ ಮಗುವಿಗೋ ಹೆಣ್ಣಿಗೋ ಕೇಡು ಮಾಡಿದವನನ್ನು ಕೂಡ? ಈ ಪ್ರಶ್ನೆ ಕಹಿಯಾದದ್ದು, ಆದರೆ ಅದನ್ನು ಮರೆಮಾಚುವುದು ಸರಿಯಲ್ಲ. ಬಲಹೀನರನ್ನು ಮೊದಲು ನೆನೆಯಬೇಕೆಂಬ ನಿಯಮವೇ ಇದಕ್ಕೂ ಉತ್ತರ. ಒಬ್ಬನ ಬರವಿನಿಂದ ಒಂದು ಮಗು ಅಂಜಿ ನಡುಗುವುದಾದರೆ, ಆ ಮಗುವಿನ ನೆಮ್ಮದಿಯೇ ದೊಡ್ಡದು. "ಕುಟುಂಬದ ಒಗ್ಗಟ್ಟಿಗಾಗಿ ಸಹಿಸಿಕೊ" ಎಂದು ನೊಂದವರಿಗೆ ಹೇಳುವುದು ಒಗ್ಗಟ್ಟಲ್ಲ, ಅನ್ಯಾಯ. ಆಸ್ತಿಯ ಜಗಳ, ಮಾತಿನ ಜಗಳಗಳ ವಿಷಯ ಬೇರೆ. ಅಲ್ಲಿ ಕರೆಯುವುದು ನಮ್ಮ ಕರ್ತವ್ಯ, ಬರುವುದು ಬಿಡುವುದು ಅವರ ಸ್ವಾತಂತ್ರ್ಯ.

ದಿನ ಮತ್ತು ದಾರಿ

ಇನ್ನು ದಿನಾಂಕಕ್ಕೆ ಬರೋಣ. ಮಕ್ಕಳಿಗೆ ರಜೆಯಿರುವ ಏಪ್ರಿಲ್, ಮೇ ತಿಂಗಳೇ ಊಟಿಯ ಹಂಗಾಮು. 1848ರಲ್ಲಿ ಆರಂಭವಾದ ಅಲ್ಲಿನ ಸಸ್ಯೋದ್ಯಾನದಲ್ಲಿ ಪುಷ್ಪಪ್ರದರ್ಶನ ನಡೆಯುವುದೂ ಮೇ ತಿಂಗಳಿನಲ್ಲಿ. ಕೊಠಡಿಗಳ ಬಾಡಿಗೆ ಏರುವುದೂ ಆಗಲೇ. ಜೂನ್ ಹತ್ತಿರವಾಗುತ್ತಿದ್ದಂತೆ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರಗಳಿಗೆ ಹಣ ಹೊಂದಿಸುವ ತಂದೆಗೆ ಮೇ ತಿಂಗಳ ಪ್ರವಾಸ ಎಂದರೆ ಎದೆ ಭಾರವಾಗುತ್ತದೆ. ಹೋಗಲಿ, ಹೊರನಾಡಿನಲ್ಲಿರುವವರು ಊರಿಗೆ ಬರುವ ಕ್ರಿಸ್ಮಸ್ ಕಾಲದಲ್ಲಿ ಮಾಡೋಣವೆಂದರೆ, ಅದು ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಯುವ ಕಾಲ. ತೋಟದ ಕೆಲಸಗಾರನಿಗೆ ರಜೆಯಿಲ್ಲ. ಕುಟುಂಬದಲ್ಲಿರುವ ಗುರುಗಳೂ ಕನ್ಯಾಸ್ತ್ರೀಯರೂ ಆ ವಾರ ತಮ್ಮ ಧರ್ಮಕೇಂದ್ರಗಳನ್ನು ಬಿಟ್ಟು ಕದಲುವಂತಿಲ್ಲ. ಮೇಲಾಗಿ ಡಿಸೆಂಬರ್, ಜನವರಿಯ ಮುಂಜಾನೆಗಳಲ್ಲಿ ಊಟಿಯ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಉಬ್ಬಸದ ಅಜ್ಜನಿಗೆ ಅದು ಹಿತವಲ್ಲ. ದಸರೆಯ ರಜೆ ಎಂದರೆ ಹಿಂಗಾರು ಮಳೆಯ ಹೊತ್ತು.

ಎಲ್ಲರಿಗೂ ಅನುಕೂಲವಾದ ದಿನವೆಂಬುದು ಇಲ್ಲವೇ ಇಲ್ಲ ಎಂದು ಇದರಿಂದ ತಿಳಿಯುತ್ತದೆ. ಆದರೆ ಎಲ್ಲರನ್ನೂ ಕೇಳಿ ಗೊತ್ತುಮಾಡಿದ ದಿನವೆಂಬುದು ಸಾಧ್ಯ. ಕೇಳಿಸಿಕೊಂಡವನು ಅನಾನುಕೂಲವನ್ನು ಸಹಿಸುತ್ತಾನೆ. ಕೇಳದೆ ಉಳಿದವನಿಗೆ ಅನುಕೂಲವೂ ಅವಮಾನವಾಗಿ ತೋರುತ್ತದೆ. ಸಾಮಾನ್ಯವಾಗಿ ನಾವು ಮೊದಲು ಕೇಳುವುದು ವಿಮಾನದಲ್ಲಿ ಬರುವವರನ್ನು. ಅವರ ರಜೆಗೆ ತಕ್ಕಂತೆ ಉಳಿದವರೆಲ್ಲ ಹೊಂದಿಕೊಳ್ಳುತ್ತಾರೆ. ಅವರಿಗೂ ರಜೆಯ ಕಷ್ಟವಿರುವುದು ನಿಜ. ಆದರೆ ದಿನಗೂಲಿಯವನಿಗೆ ಮೂರು ದಿನದ ಸಮ್ಮಿಲನವೆಂದರೆ ಪ್ರಯಾಣದ ಖರ್ಚಿನ ಮೇಲೆ ಮೂರು ದಿನದ ಕೂಲಿಯೂ ಹೋಯಿತೆಂದೇ ಅರ್ಥ. ಈ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಬರೆದಿರುವುದಿಲ್ಲ.

ದಾರಿಯೂ ಹೀಗೆಯೇ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದರೆ ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಮಸಿನಗುಡಿಯ ಕಡೆಯಿಂದ ಹತ್ತುವ ಕಲ್ಹಟ್ಟಿ ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. ಗೂಡಲೂರಿನ ದಾರಿ ಬಳಸಾದರೂ ಅಷ್ಟು ಕಡಿದಲ್ಲ. ಚಿಕ್ಕ ಮಕ್ಕಳ ಹೊಟ್ಟೆ ತೊಳಸುತ್ತದೆ, ಹೃದಯದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಹೊರಡಬೇಕಾಗುತ್ತದೆ. ಬಂಡೀಪುರದ ಅರಣ್ಯದ ದಾರಿಯಲ್ಲಿ 2009ರಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು. ಕೆಲವು ವಿನಾಯಿತಿಗಳ ಹೊರತು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳು ನಿಲ್ಲಬೇಕು. ಅವಸರವಿರುವವರಿಗೆ ಇದು ಕಿರಿಕಿರಿ. ಆದರೆ ಆ ನಿಯಮದ ಹಿಂದಿನ ವಿವೇಕವನ್ನು ನೋಡಿ: ರಸ್ತೆ ದಾಟುವ ಜಿಂಕೆಯ ಜೀವಕ್ಕಾಗಿ ವೇಗವುಳ್ಳವನು ಕಾಯಬೇಕು. ಮೂಕಪ್ರಾಣಿಗಳಿಗಾಗಿ ಕಾಯಲು ಒಪ್ಪಿದ ನಾವು, ಮಂಡಿನೋವಿನ ದೊಡ್ಡಮ್ಮನಿಗಾಗಿ ನೆಲಮಾಳಿಗೆಯ ಒಂದು ಕೊಠಡಿ ಹುಡುಕಲಾರೆವೇ?

ಸಮಪಾಲು ನ್ಯಾಯದ ಪಾಲೇ?

ಹಣದ ಮಾತು ಬಂದಾಗ ನಮ್ಮವರು ಹೇಳುವುದು ಒಂದೇ: "ಎಲ್ಲರೂ ಸಮನಾಗಿ ಹಾಕೋಣ, ಯಾರಿಗೂ ಹಂಗು ಬೇಡ." ಕೇಳಲು ಎಷ್ಟು ನ್ಯಾಯವಾಗಿದೆ! ಒಂದು ಉದಾಹರಣೆ ಊಹಿಸಿಕೊಳ್ಳಿ. ಹತ್ತು ಮನೆಗಳು, ನಲವತ್ತು ಜನ, ಒಟ್ಟು ಖರ್ಚು ಎರಡು ಲಕ್ಷ ರೂಪಾಯಿ. ಮನೆಗೆ ಇಷ್ಟೆಂದರೆ 20,000. ಒಬ್ಬನಿಗೆ ಅದು ಒಂದು ಸಂಜೆಯ ಹೋಟೆಲಿನ ಖರ್ಚು, ಇನ್ನೊಬ್ಬನಿಗೆ ಒಂದು ತಿಂಗಳ ಸಂಸಾರ. ಹಾಗಾದರೆ ತಲೆಗೆ ಇಷ್ಟೆಂದು ಹಾಕೋಣವೆಂದರೆ, ತಲಾ 5,000 ಆಯಿತು. ಹೊರನಾಡಿನಿಂದ ಬಂದ ಗಂಡಹೆಂಡಿರ ಪಾಲು 10,000. ತಂದೆತಾಯಿಯನ್ನು ತನ್ನ ಬಳಿಯೇ ಇಟ್ಟುಕೊಂಡು ಸಾಕುತ್ತಿರುವ, ಇಬ್ಬರು ಮಕ್ಕಳ ತಂದೆಯ ಪಾಲು 30,000! ಹಿರಿಯರನ್ನು ನೋಡಿಕೊಂಡ ತಪ್ಪಿಗೆ ದಂಡ ತೆತ್ತ ಹಾಗಾಯಿತಲ್ಲವೇ?

ಗುರುಮಠದಲ್ಲಿ ತತ್ವಶಾಸ್ತ್ರವನ್ನು ಓದುವಾಗ ಅರಿಸ್ಟಾಟಲನ ನೀತಿಗ್ರಂಥವನ್ನು ನಮಗೆ ಪಾಠ ಹೇಳುತ್ತಿದ್ದರು. ಹಂಚಿಕೆಯ ನ್ಯಾಯವೆಂಬುದು ಬರಿಯ ಸಮಪಾಲಲ್ಲ, ತಕ್ಕ ಪ್ರಮಾಣದ ಪಾಲು ಎಂಬುದು ಆತನ ವಿಚಾರ. ಸಮಾನರಿಗೆ ಅಸಮಾನವಾಗಿ ಹಂಚಿದರೂ ಜಗಳ, ಅಸಮಾನರಿಗೆ ಸಮಾನವಾಗಿ ಹಂಚಿದರೂ ಜಗಳ ಎಂದು ಆತ ಕಂಡುಕೊಂಡಿದ್ದ. ಇಪ್ಪತ್ಮೂರು ಶತಮಾನಗಳ ಹಿಂದಿನ ಆ ಮಾತಿಗೆ ನಮ್ಮ ಕುಟುಂಬಗಳೇ ಸಾಕ್ಷಿ.

ಆದರೆ ನಮ್ಮಲ್ಲಿ ಜಗಳ ಬಹಿರಂಗವಾಗಿ ಆಗುವುದಿಲ್ಲ. ಕೊಡಲಾಗದವನು "ನನ್ನ ಬಳಿ ಹಣವಿಲ್ಲ" ಎನ್ನುವುದಿಲ್ಲ. "ಮಗಳಿಗೆ ಪರೀಕ್ಷೆ ಇದೆ" ಎನ್ನುತ್ತಾನೆ. "ಹಸು ಕರು ಹಾಕುವ ಹೊತ್ತು" ಎನ್ನುತ್ತಾನೆ. "ಇವಳಿಗೆ ಚಳಿ ಆಗುವುದಿಲ್ಲ" ಎನ್ನುತ್ತಾನೆ. ನಾವು "ಅಯ್ಯೋ, ಬಂದಿದ್ದರೆ ಚೆನ್ನಾಗಿತ್ತು" ಎಂದು ಹೇಳಿ ಮುಂದಿನ ಹೆಸರಿಗೆ ಹೋಗುತ್ತೇವೆ. ಬಾರದವನು ಕೊಡುವ ಕಾರಣ ನಿಜವಾದ ಕಾರಣವಾಗಿರುವುದು ಅಪರೂಪ. ಒಬ್ಬ ಮನುಷ್ಯನು ತನ್ನ ಬಡತನವನ್ನು ಒಡಹುಟ್ಟಿದವರ ಮುಂದೆ ಮುಚ್ಚಿಡಬೇಕಾಗಿ ಬಂದರೆ, ಅಲ್ಲಿ ಕುಟುಂಬವೆಂಬುದು ಎಷ್ಟು ಉಳಿದಿದೆ ಎಂದು ನಾವು ಕೇಳಿಕೊಳ್ಳಬೇಕು.

"ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ" ಎಂಬ ಗಾದೆ ನಮ್ಮ ದ್ವಂದ್ವವನ್ನು ನಗುನಗುತ್ತಲೇ ಹೇಳಿಬಿಡುತ್ತದೆ. ಹಾಗೆಂದು ಉಳ್ಳವರೇ ಎಲ್ಲವನ್ನೂ ಭರಿಸಲಿ ಎನ್ನುವುದೂ ನ್ಯಾಯವಲ್ಲ. ಹೊರದೇಶದಲ್ಲಿ ದುಡಿಯುವ ಮಗನನ್ನು ಎಲ್ಲರೂ ಹಣದ ಚೀಲವಾಗಿ ಕಂಡರೆ, ಅವನೂ ಒಂದು ಬಗೆಯಲ್ಲಿ ಹೊರಗಿನವನಾಗುತ್ತಾನೆ. ಅವನ ಹಣ ಒಳಗೆ ಬರುತ್ತದೆ, ಅವನು ಹೊರಗೆ ಉಳಿಯುತ್ತಾನೆ. ಅವನ ಒಂಟಿತನ, ಅವನ ಸಾಲ, ಅವನ ನಿದ್ದೆಯಿಲ್ಲದ ರಾತ್ರಿಗಳನ್ನು ಯಾರೂ ವಿಚಾರಿಸುವುದಿಲ್ಲ.

ದಾರಿ ಏನು? ಅನುಭವದಿಂದ ಪಕ್ವವಾದ ಕೆಲವು ಕುಟುಂಬಗಳು ಹೀಗೆ ಮಾಡುತ್ತವೆ. ಎಲ್ಲರೂ ನಂಬುವ ಒಬ್ಬ ಹಿರಿಯರ ಕೈಗೆ ಪ್ರತಿ ಮನೆಯವರೂ ತಮ್ಮ ಶಕ್ತಿಯಷ್ಟು ಹಣವನ್ನು ಮುಚ್ಚಿದ ಲಕೋಟೆಯಲ್ಲಿ ಕೊಡುತ್ತಾರೆ. ಯಾರು ಎಷ್ಟು ಕೊಟ್ಟರೆಂಬುದು ಆ ಹಿರಿಯರ ಎದೆಯಲ್ಲಿಯೇ ಉಳಿಯುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಯೇಸುಸ್ವಾಮಿಯ ಬೋಧನೆಯನ್ನು ನಾವು ಪರಕೀಯರಿಗೆ ಕೊಡುವ ದಾನಕ್ಕೆ ಮಾತ್ರ ಅನ್ವಯಿಸುತ್ತೇವೆ. ಅದು ಹೆಚ್ಚು ಬೇಕಾಗಿರುವುದು ಒಡಹುಟ್ಟಿದವರ ನಡುವೆ. ಒಟ್ಟಾದ ಹಣ ಎಷ್ಟೋ ಅಷ್ಟಕ್ಕೆ ತಕ್ಕಂತೆ ಸ್ಥಳವನ್ನು ಆರಿಸುವುದು ನಂತರದ ಕೆಲಸ. ಹಣ ಊಟಿಗೆ ಸಾಲದಿದ್ದರೆ ಊರಿನ ಕೆರೆಯ ದಂಡೆಯೂ ಸಾಕು. ಸ್ಥಳವನ್ನು ಮೊದಲು ನಿರ್ಧರಿಸಿ ಆಮೇಲೆ ಜನರನ್ನು ಸೋಸುವುದಕ್ಕಿಂತ, ಜನರನ್ನು ಮೊದಲು ಸೇರಿಸಿ ಆಮೇಲೆ ಸ್ಥಳವನ್ನು ಹುಡುಕುವುದು ಲೇಸು.

ಯಾರ ರಜೆ, ಯಾರ ದುಡಿಮೆ?

ಖರ್ಚು ತಗ್ಗಿಸಲು ಅಡುಗೆಮನೆಯಿರುವ ಬಂಗಲೆಯೊಂದನ್ನು ಹಿಡಿಯುವುದು ಜಾಣತನವೆಂದು ಹೇಳುತ್ತಾರೆ. ಸರಿ. ಆದರೆ ನಲವತ್ತು ಜನರಿಗೆ ಮೂರು ದಿನ ಮೂರು ಹೊತ್ತು ಅಡುಗೆ ಮಾಡುವವರು ಯಾರು? ಗಂಡಸರು ಸರೋವರದಲ್ಲಿ ದೋಣಿ ನಡೆಸುವಾಗ ಸೊಸೆಯಂದಿರು ಈರುಳ್ಳಿ ಹೆಚ್ಚುತ್ತಿದ್ದರೆ, ಅವರ ಪಾಲಿಗೆ ಊಟಿಯೂ ಒಂದೇ, ಮನೆಯೂ ಒಂದೇ. ಮನೆಯಲ್ಲಾದರೆ ಐದು ಜನರ ಅಡುಗೆ, ಇಲ್ಲಿ ನಲವತ್ತು ಜನರದು. ಒಟ್ಟಿಗೆ ಉಪ್ಪು ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾಗದೆಂಬ ಹಳೆಯ ನಾಣ್ನುಡಿಯನ್ನು ಅರಿಸ್ಟಾಟಲ್ ಸ್ನೇಹವನ್ನು ಕುರಿತು ಹೇಳುವಾಗ ನೆನೆಯುತ್ತಾನೆ. ನಾವೂ ಉಪ್ಪಿನ ಋಣ ಎನ್ನುತ್ತೇವೆ. ಆದರೆ ಬಡಿಸಿ ಬಡಿಸಿ ಕೊನೆಗೆ ಆರಿದ ಅನ್ನಕ್ಕೆ ಕೂರುವವಳು ಯಾರೊಡನೆ ಉಪ್ಪು ತಿಂದಂತಾಯಿತು? ಸಮ್ಮಿಲನವೆಂದರೆ ಅವಳೂ ಕುಳಿತು ನಗುವಂತಿರಬೇಕು. ಪಾಳಿಯ ಪ್ರಕಾರ ಗಂಡಸರೂ ಹುಡುಗರೂ ಅಡುಗೆಮನೆ ಸೇರಲಿ. ಇಲ್ಲವೆ ಸ್ಥಳೀಯ ಅಡುಗೆಯವರಿಗೆ ತಕ್ಕ ಕೂಲಿ ಕೊಟ್ಟು ವಹಿಸಲಿ.

ಇನ್ನೊಬ್ಬರನ್ನೂ ಮರೆಯಬೇಡಿ. ನಲವತ್ತು ಜನರನ್ನು ಆ ತಿರುವುಗಳಲ್ಲಿ ಜೋಪಾನವಾಗಿ ಕರೆದೊಯ್ದ ಚಾಲಕ ರಾತ್ರಿ ಎಲ್ಲಿ ಮಲಗುತ್ತಾನೆ? ಊಟಿಯ ಚಳಿಯಲ್ಲಿ, ವಾಹನದ ಸೀಟಿನ ಮೇಲೆಯೇ? ಅವನಿಗೊಂದು ಹಾಸಿಗೆ ನಮ್ಮ ಲೆಕ್ಕದಲ್ಲಿದೆಯೇ? ನಾಳೆ ನಮ್ಮ ಮಕ್ಕಳ ಪ್ರಾಣ ಅವನ ನಿದ್ದೆಯ ಮೇಲೆ ನಿಂತಿದೆ.

ಯಕೋಬನ ನಡಿಗೆ

ಬೈಬಲಿನ ಆದಿಕಾಂಡದಲ್ಲಿ ಒಂದು ಅಪೂರ್ವವಾದ ಕುಟುಂಬ ಸಮ್ಮಿಲನದ ವೃತ್ತಾಂತವಿದೆ. ಅಣ್ಣನನ್ನು ವಂಚಿಸಿ ಓಡಿಹೋದ ಯಕೋಬನು ಇಪ್ಪತ್ತು ವರ್ಷಗಳ ಬಳಿಕ ಹೆಂಡಿರು ಮಕ್ಕಳೊಡನೆ ಹಿಂದಿರುಗುತ್ತಾನೆ. ಅಣ್ಣ ಏಸಾವನು ನಾನೂರು ಜನರೊಡನೆ ಎದುರುಗೊಳ್ಳಲು ಬರುತ್ತಿದ್ದಾನೆಂದು ತಿಳಿದು ನಡುಗುತ್ತಾನೆ. ಬಹಳ ಯೋಜನೆ ಹಾಕುತ್ತಾನೆ: ಆಡು, ಕುರಿ, ಒಂಟೆ, ಹಸು, ಕತ್ತೆಗಳ ಮಂದೆಗಳನ್ನು ಒಂದರ ಹಿಂದೆ ಒಂದರಂತೆ ಕಾಣಿಕೆಯಾಗಿ ಮುಂದೆ ಕಳುಹಿಸುತ್ತಾನೆ. ಏಸಾವನಾದರೋ ಓಡಿಬಂದು ತಮ್ಮನ ಕೊರಳನ್ನು ತಬ್ಬಿಕೊಂಡು ಅಳುತ್ತಾನೆ; ಕಾಣಿಕೆಯನ್ನು ನೋಡಿ, ತನಗೆ ಬೇಕಾದಷ್ಟಿದೆ, ನಿನ್ನದು ನಿನಗಿರಲಿ ಎನ್ನುತ್ತಾನೆ. ಅಷ್ಟೊಂದು ಲೆಕ್ಕಾಚಾರ ಮಾಡಿದವನಿಗೆ ದೊರೆತದ್ದು ಲೆಕ್ಕವಿಲ್ಲದ ಅಪ್ಪುಗೆ.

ಮುಂದಿನ ಸಣ್ಣ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಒಟ್ಟಿಗೆ ಹೊರಡೋಣ, ನಾನು ನಿನ್ನ ಮುಂದೆ ನಡೆಯುತ್ತೇನೆ ಎಂದು ಏಸಾವನು ಹೇಳಿದಾಗ, ಯಕೋಬನು ವಿನಯದಿಂದ ಒಂದು ಅಡಚಣೆಯನ್ನು ತಿಳಿಸುತ್ತಾನೆ. ತನ್ನೊಡನೆ ಎಳೆಯ ಮಕ್ಕಳಿದ್ದಾರೆ, ಹಾಲೂಡಿಸುವ ದನಕುರಿಗಳಿವೆ. ಒಂದು ದಿನ ಅತಿಯಾಗಿ ನಡೆಸಿದರೂ ಅವು ಉಳಿಯಲಾರವು. ಆದ್ದರಿಂದ ತಾನು ಮಕ್ಕಳ ಮತ್ತು ಮಂದೆಯ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುವೆನೆನ್ನುತ್ತಾನೆ. ಅಣ್ಣತಮ್ಮಂದಿರು ಒಂದಾದರು, ಆದರೆ ಬಲವುಳ್ಳ ನಾನೂರು ಜನರ ವೇಗವು ಎಳೆಯರ ವೇಗವಾಗಬೇಕಾಗಿರಲಿಲ್ಲ. ಒಂದುಗೂಡುವುದೆಂದರೆ ಬಲಿಷ್ಠರ ಹೆಜ್ಜೆಗೆ ಎಲ್ಲರನ್ನೂ ಎಳೆಯುವುದಲ್ಲ. ಆಮೇಲೆ ಅವರಿಬ್ಬರೂ ಬೇರೆ ಬೇರೆ ಕಡೆ ನೆಲೆಸಿದರೆಂಬುದೂ ಸತ್ಯ. ಸಮ್ಮಿಲನವು ಎಲ್ಲ ಗಾಯಗಳನ್ನೂ ಮಾಯಿಸಲಿಲ್ಲ. ಆದರೆ ತಂದೆ ಇಸಾಕನು ತೀರಿಕೊಂಡಾಗ ಅವನನ್ನು ಸಮಾಧಿ ಮಾಡಲು ಇಬ್ಬರೂ ಜೊತೆಯಾಗಿ ನಿಂತರು. ಅಷ್ಟಾದರೂ ಸಾಧ್ಯವಾದದ್ದು ಹಿಂದಿನ ಆ ಅಪ್ಪುಗೆಯಿಂದ.

ನೀಲಗಿರಿಯ ರೈಲೂ ಇದೇ ಪಾಠವನ್ನು ಹೇಳುತ್ತದೆ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ತಲುಪಿದ, 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 46 ಕಿಲೋಮೀಟರ್ ಉದ್ದದ ಹಾದಿ ಅದು. ಕೆಲವೆಡೆ ಹನ್ನೆರಡು ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಏರುತ್ತದೆ. ಮೆಟ್ಟುಪಾಳಯದಿಂದ ಕೂನೂರಿಗೆ ಏರುವ ಆ ಕಡಿದಾದ ಭಾಗದಲ್ಲಿ ಎಂಜಿನ್ನು ಮುಂದೆ ನಿಂತು ಎಳೆಯುವುದಿಲ್ಲ, ಎಲ್ಲ ಬೋಗಿಗಳ ಹಿಂದೆ ನಿಂತು ತಳ್ಳುತ್ತದೆ. ಶಕ್ತಿಯುಳ್ಳದ್ದು ಹಿಂದೆ ಇರುವುದರಿಂದ ಯಾವ ಬೋಗಿಯೂ ಕಳಚಿ ಜಾರುವ ಭಯವಿಲ್ಲ. ಕುಟುಂಬದ ಶಕ್ತಿವಂತರು ನಿಲ್ಲಬೇಕಾದ ಸ್ಥಳವೂ ಅದೇ.

ನಾವು ಅತಿಥಿಗಳು

ನಲವತ್ತು ಜನ ಹೋಗಿ ಇಳಿಯುವ ಊರಿನ ಬಗೆಗೂ ಒಂದು ಮಾತು. ಬೆಟ್ಟವೂ ಸರೋವರವೂ ನಮ್ಮ ಛಾಯಾಚಿತ್ರಗಳ ಹಿನ್ನೆಲೆಗಾಗಿ ಇರುವುದಲ್ಲ. ಅಲ್ಲಿ ತೋಡರು, ಕೋತರು, ಕುರುಂಬರು, ಇರುಳರು, ಬಡಗರು ತಲೆಮಾರುಗಳಿಂದ ಬಾಳಿದ್ದಾರೆ. ವಾಹನಗಳ ದಟ್ಟಣೆ ಮಿತಿ ಮೀರಿದಾಗ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಅಲ್ಲಿಗೆ ಹೋಗುವ ಪ್ರವಾಸಿಗರಿಗೆ ಇ-ಪಾಸ್ ಪದ್ಧತಿ ಬಂದಿತು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂಬ ಮಿತಿಯೂ ಇತ್ತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ಆ ಜಿಲ್ಲೆಯಲ್ಲಿ ನಿಷೇಧವಿದೆ. ಹೊರಡುವ ಮುನ್ನ ನಿಯಮಗಳನ್ನು ವಿಚಾರಿಸಿಕೊಂಡು, ಸ್ಟೀಲಿನ ತಟ್ಟೆ ಲೋಟಗಳನ್ನು ಮನೆಯಿಂದಲೇ ಒಯ್ಯುವುದು ಅತಿಥಿಗೆ ತಕ್ಕ ನಡತೆ.

ಊಟಿಯ ಸರೋವರ ಪ್ರಕೃತಿ ಕೊಟ್ಟದ್ದಲ್ಲ. 1824ರ ವೇಳೆಗೆ ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ ಕಟ್ಟಿಸಿದ್ದು. ಅದು ಮೊದಲು ಈಗಿನದಕ್ಕಿಂತ ದೊಡ್ಡದಾಗಿತ್ತು. ಬರಬರುತ್ತಾ ಬಸ್ ನಿಲ್ದಾಣ, ಕುದುರೆ ಪಂದ್ಯದ ಮೈದಾನ, ಉದ್ಯಾನ ಎಂದು ಒಂದೊಂದಕ್ಕೂ ಜಾಗ ಬಿಟ್ಟುಕೊಟ್ಟು ಕಿರಿದಾಯಿತು. ಆ ಕೆರೆಯನ್ನು ಕಿರಿದು ಮಾಡಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ. ಪ್ರತಿಯೊಂದಕ್ಕೂ ಒಂದು ಅನುಕೂಲದ ಕಾರಣವಿತ್ತು. ಕುಟುಂಬಗಳು ಕಿರಿದಾಗುವುದೂ ಹೀಗೆಯೇ. ಈ ಸಲ ಅವರಿಗೆ ಹೇಳಲು ಸಮಯವಾಗಲಿಲ್ಲ, ಮುಂದಿನ ಸಲ ಅವರಿಗೆ ಹಣವಿರಲಿಲ್ಲ, ಇನ್ನೊಂದು ಸಲ ಅವರು ಬರಲಾರರೆಂದು ನಾವೇ ಊಹಿಸಿದೆವು. ಹತ್ತು ವರ್ಷಗಳಲ್ಲಿ ದಂಡೆ ಎಷ್ಟು ಒಳಗೆ ಬಂದಿದೆಯೆಂದು ಅಳೆದವರಿಲ್ಲ.

ಕೊನೆಯ ಮಾತು

"ಫಾದರ್, ಇಷ್ಟೆಲ್ಲ ಯೋಚಿಸುತ್ತಾ ಕುಳಿತರೆ ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ. ಒಂದಿಷ್ಟು ಸಂತೋಷ ಪಡುವುದೂ ತಪ್ಪೇ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಸಂತೋಷ ತಪ್ಪಲ್ಲ, ಅದಕ್ಕಾಗಿಯೇ ನಾವು ಸೇರುವುದು. ಎಲ್ಲರೂ ಬರಲೇಬೇಕೆಂದಾಗಲಿ, ಎಲ್ಲವೂ ಸರಿಯಾಗಿಯೇ ನಡೆಯಬೇಕೆಂದಾಗಲಿ ನಾನು ಹೇಳುತ್ತಿಲ್ಲ. ಯಾವ ಯೋಜನೆಯೂ ಎಲ್ಲರ ಕಷ್ಟಗಳನ್ನು ನೀಗಿಸಲಾರದು. ನಾನು ಕೇಳುವುದು ಆರಂಭ ಎಲ್ಲಿಂದ ಎಂಬ ಒಂದೇ ಸಂಗತಿಯನ್ನು. ಬರಲು ಸುಲಭವಾದವರಿಂದ ಆರಂಭಿಸಿದ ಯೋಜನೆಯಲ್ಲಿ ಉಳಿದವರಿಗೆ ಕೊನೆಗೂ ಸ್ಥಳ ಸಿಕ್ಕುವುದಿಲ್ಲ. ಬರಲು ಕಷ್ಟವಾದವರಿಂದ ಆರಂಭಿಸಿದ ಯೋಜನೆಯಲ್ಲಿ ಸುಲಭವಾದವರಿಗೆ ಸ್ಥಳ ಇದ್ದೇ ಇರುತ್ತದೆ.

ಆದ್ದರಿಂದ, ಪ್ರಿಯರೇ, ನಿಮ್ಮ ಮನೆತನದಲ್ಲಿ ಇಂತಹ ಸಮ್ಮಿಲನದ ಆಲೋಚನೆ ಇದ್ದರೆ ಒಂದು ಹಾಳೆಯನ್ನು ತೆಗೆದುಕೊಳ್ಳಿ. ವಸತಿಗೃಹದ ಹೆಸರನ್ನೂ ದಿನಾಂಕವನ್ನೂ ಈಗಲೇ ಬರೆಯಬೇಡಿ. ಯಾರಿಗೆ ಬರುವುದು ಅತ್ಯಂತ ಕಷ್ಟವೋ ಅವರ ಹೆಸರನ್ನು ಮೊದಲನೆಯದಾಗಿ ಬರೆಯಿರಿ. ಬಳಿಕ ಸಂದೇಶ ಕಳುಹಿಸದೆ, ಫೋನನ್ನೂ ಮಾಡದೆ, ಒಂದು ಭಾನುವಾರ ಬಲಿಪೂಜೆ ಮುಗಿಸಿಕೊಂಡು ಅವರ ಮನೆಗೇ ಹೋಗಿ. ಅವರು ಕೊಟ್ಟ ಕಾಫಿ ಕುಡಿಯಿರಿ. "ನಾವೆಲ್ಲ ಸೇರಬೇಕೆಂದಿದ್ದೇವೆ; ನಿಮಗೆ ಯಾವಾಗ, ಎಲ್ಲಿ, ಹೇಗಾದರೆ ಆಗುತ್ತದೆ?" ಎಂದು ಕೇಳಿ. ಅವರು ಬರಲಿ, ಬಾರದಿರಲಿ, ಆ ಹೊತ್ತಿಗೆ ನಿಮ್ಮ ಕುಟುಂಬದ ಸಮ್ಮಿಲನ ಆರಂಭವಾಗಿರುತ್ತದೆ.